ಬರ್ತೀನಿ ಎಂದು ಹೋದವಳು

ನಾನು ಹುಟ್ಟು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಟೆಕ್ಸಾಸಿನ ರಿಚರ್ಡ್‌ಸನ್ನಿಗೆ ಬಂದು ಎಷ್ಟೋ ವರ್ಷಗಳಾಗಿದ್ದರೂ ಹೈವೇಯಲ್ಲಿ ಕಾರು ಓಡಿಸುವಾಗ ನನ್ನ ಅಂಗೈ ಬೆವರುತ್ತಿತ್ತು. ಪಕ್ಕದಲ್ಲಿ ದೊಡ್ಡ ಲಾರಿ ಬಂದರೆ ಉಸಿರು ಹಿಡಿದುಕೊಂಡು, ಅದು ದಾಟಿದ ಮೇಲೆ ಬಿಡುತ್ತಿದ್ದೆ. ಡಾಲಸ್ಸಿನ ಸುತ್ತಮುತ್ತ ಸುಂಟರಗಾಳಿಯ ಸೈರನ್ನನ್ನು ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಪರೀಕ್ಷೆಗೆಂದು ಊದುತ್ತಾರೆ. ಪರೀಕ್ಷೆ ಎಂದು ಗೊತ್ತಿದ್ದೂ ನಾನು ಒಮ್ಮೆ ಮಗಳನ್ನು ಎತ್ತಿಕೊಂಡು ಓಡಿ, ಬಾತ್‌ಟಬ್ಬಿನಲ್ಲಿ ಕೂರಿಸಿ, ಮೇಲೆ ರಜಾಯಿ ಹೊದಿಸಿದ್ದೆ. ಅವಳಿಗೆ ಆಗ ಏಳೆಂಟು ವರ್ಷ. ರಜಾಯಿಯೊಳಗಿಂದ ನಗುತ್ತಿದ್ದಳು.

ಅಮ್ಮ ಇದಕ್ಕೆ ಪೂರ್ತಿ ವಿರುದ್ಧ. ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದವಳು, ಅಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ಒಂದಷ್ಟು ದಿನ ಇರಲೆಂದು ನಮ್ಮಲ್ಲಿಗೆ ಬಂದಿದ್ದಳು. ಆ ಸೈರನ್ ಊದಿದಾಗ ಸೋಫಾದ ಮೇಲೆ ಕಾಲು ಮಡಿಸಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. "ಏನೇ ಅದು, ಮಿಲ್ಲಿನ ಸೈರನ್ನಾ? ಊಟದ ಹೊತ್ತಾಯ್ತು ಅಂತ ತಾನೆ?" ಎಂದಳು. ಕೈಯಲ್ಲಿದ್ದ ಹುರುಳಿಕಾಯಿ ಮುಗಿಯುವ ತನಕ ಎದ್ದೇಳಲಿಲ್ಲ.

ಅವಳು ಬಂದ ಮೊದಲ ವಾರ ಒಂದು ರಂಪವಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ ಅಪ್ಪನ ಫೋಟೋ ಇಟ್ಟು, ಎಣ್ಣೆ ದೀಪ, ಊದುಬತ್ತಿ ಹಚ್ಚಿದಳು. ಸೂರಿನಲ್ಲಿದ್ದ ಹೊಗೆಯ ಅಲಾರಂ ಕಿರುಚಿಕೊಂಡಿತು. ನಾನು ಟವೆಲ್ ಬೀಸುತ್ತಾ ಮನೆಯೆಲ್ಲ ಓಡಾಡಿದೆ. ಇಡೀ ಅಪಾರ್ಟ್‌ಮೆಂಟು ಮರದ್ದು, ಒಂದು ಕಿಡಿ ಬಿದ್ದರೆ ಗತಿಯೇನು ಎಂದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮಾರನೆಯ ದಿನವೇ ಬ್ಯಾಟರಿ ಹಾಕಿದರೆ ಮಿಣುಕುವ ಪ್ಲಾಸ್ಟಿಕ್ ದೀಪ ತಂದಿಟ್ಟೆ. ಅಮ್ಮ ದಿನಾ ಸ್ನಾನ ಮಾಡಿ ಬಂದು, ಅದರ ಸ್ವಿಚ್ ಒತ್ತಿ ಕೈಮುಗಿಯುತ್ತಿದ್ದಳು.

"ಎಣ್ಣೆ ಹಾಕೋ ಹಾಗಿಲ್ಲ, ಬತ್ತಿ ತಿದ್ದೋ ಹಾಗಿಲ್ಲ. ಇದರ ಹತ್ರ ಏನೇ ಮಾತಾಡೋದು?" ಎಂದು ಒಮ್ಮೆ ಕೇಳಿದಳು. ನಾನು ಕೇಳಿಸದವಳ ಹಾಗೆ ಪಾತ್ರೆ ತೊಳೆಯುತ್ತಿದ್ದೆ.

ಅವಳ ವೀಸಾದ ಆರು ತಿಂಗಳು ಮುಗಿಯುವ ಹೊತ್ತಿಗೆ ನನ್ನ ಗಂಡನನ್ನು ಆಫೀಸಿನವರು ಸ್ವಿಟ್ಜರ್ಲೆಂಡಿಗೆ ಕಳಿಸಿದ್ದರು. ತೊಂಬತ್ತರ ದಶಕದ ಕೊನೆಯ ಬೇಸಿಗೆ ಅದು. ರಿಚರ್ಡ್‌ಸನ್ನಿನ ಟೆಲಿಕಾಂ ಕಂಪನಿಗಳಿಗೆ ಆಗ ಸುಗ್ಗಿಯ ಕಾಲ, ಕೇಳಿದ ದೇಶಕ್ಕೆಲ್ಲ ಜನರನ್ನು ಓಡಿಸುತ್ತಿದ್ದರು. ಅಮ್ಮ ಹೇಗೂ ಊರಿಗೆ ಹೊರಟಿದ್ದಾಳೆ, ದಾರಿಯಲ್ಲಿ ಎಲ್ಲರೂ ಅಲ್ಲಿ ಕೆಲವು ದಿನ ಇದ್ದು, ಅವಳನ್ನು ಬೆಂಗಳೂರಿನ ಕಡೆಯ ವಿಮಾನ ಹತ್ತಿಸಿ ನಾವು ವಾಪಸಾದರಾಯಿತು ಎಂದು ಅವರು ಫೋನಿನಲ್ಲಿ ಸುಲಭವಾಗಿ ಹೇಳಿಬಿಟ್ಟರು. ವಿಮಾನ, ಪಾಸ್‌ಪೋರ್ಟು, ಅಮ್ಮ, ಮಗು ಎಲ್ಲವನ್ನೂ ಒಬ್ಬಳೇ ಸಂಭಾಳಿಸಬೇಕಾದ ನಾನು ಅಂದಿನಿಂದಲೇ ದಿನಕ್ಕೆ ನಾಲ್ಕು ಸಲ ಟಿಕೆಟ್ಟುಗಳನ್ನು ಎಣಿಸತೊಡಗಿದೆ.

ನನ್ನ ಗಂಡ ಹೊರಡುವ ಮುಂಚೆ ಒಮ್ಮೆ ಅಮ್ಮನನ್ನು ಹ್ಯೂಸ್ಟನ್ನಿಗೆ ಕರೆದುಕೊಂಡು ಹೋಗಿದ್ದೆವು. ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಸೀರೆ ಅಂಗಡಿ, ದಿನಸಿ ಅಂಗಡಿ ಎಲ್ಲ ಸುತ್ತಿ ಅವಳು ಆರಿಸಿದ್ದು ಕೆಂಪು ಪಟ್ಟಿಯ ಒಂದು ಜೊತೆ ಹವಾಯಿ ಚಪ್ಪಲಿ. ನಾನು ಕೊಡಿಸಿದ್ದ ಕ್ಯಾನ್ವಾಸ್ ಶೂ ಅವಳಿಗೆ ಸೇರುತ್ತಿರಲಿಲ್ಲ. ಸೀರೆಯ ಕೆಳಗೆ ಶೂ ಹಾಕಿದರೆ ಪೊಲೀಸಿನವಳ ಹಾಗೆ ಕಾಣ್ತೀನಿ ಎನ್ನುತ್ತಿದ್ದಳು. ಸ್ವಿಟ್ಜರ್ಲೆಂಡಿಗೂ ಆ ಚಪ್ಪಲಿಯಲ್ಲೇ ಹೊರಟಳು.

ನಾವು ಹೋಗಬೇಕಿದ್ದ ಊರು ಸರೋವರದ ದಡದ ಒಂದು ಪುಟ್ಟ ಪಟ್ಟಣ. ಹೆಸರು ತ್ಸೂಗ್. ಅಲ್ಲಿಯವರ ಭಾಷೆಯಲ್ಲಿ ತ್ಸೂಗ್ ಎಂದರೆ ರೈಲು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗಿನ ಸ್ಟೇಷನ್ನಿನಲ್ಲಿ ನಿಂತು, ಹೋಗುವವರು ಬರುವವರನ್ನೆಲ್ಲ ತಡೆದು "ತ್ಸೂಗ್? ತ್ಸೂಗ್?" ಎಂದು ಕೇಳಿದೆ. ಒಬ್ಬಾತ ಎಡಗಡೆಯ ರೈಲನ್ನು ತೋರಿಸಿದ, ಇನ್ನೊಬ್ಬಳು ಬಲಗಡೆಯದನ್ನು. ಧ್ವನಿವರ್ಧಕವೂ ತ್ಸೂಗ್ ಎಂದೇ ಒದರುತ್ತಿತ್ತು. ನಿಂತಲ್ಲೇ ನನ್ನ ಕಣ್ಣಲ್ಲಿ ನೀರು ಬಂತು. ಕೊನೆಗೆ ಪುಣ್ಯಾತ್ಗಿತ್ತಿ ಒಬ್ಬಳು ಕೈಹಿಡಿದು ಸರಿಯಾದ ಡಬ್ಬಿಗೆ ಹತ್ತಿಸಿದಳು. ಅಮ್ಮ ಕಿಟಕಿ ಪಕ್ಕ ಕೂತು, "ರೈಲಿಗೂ ರೈಲು, ಊರಿಗೂ ರೈಲು ಅಂತ ಹೆಸರಿಟ್ರೆ ಇನ್ನೇನಾಗತ್ತೆ? ಒಂದು ಮಾತಿಗೆ ಒಂದು ಅರ್ಥ ಇರ್ಬೇಕಪ್ಪ" ಎಂದು ನಕ್ಕಳು. ಆ ಮಾತು ನನಗೆ ಆಮೇಲೆ ಬಹಳ ಸಲ ನೆನಪಾಗಿದೆ.

ಊರು ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಹಳೆಯ ಗಡಿಯಾರದ ಗೋಪುರ, ಕಲ್ಲು ಹಾಸಿದ ಕಿರಿದಾದ ಬೀದಿಗಳು, ಬೀದಿ ಇಳಿದರೆ ನೀರು. ಸಂಜೆ ಸೂರ್ಯ ಸರೋವರದ ಆಚೆ ಇಳಿಯುವುದನ್ನು ನೋಡಲು ಜನ ಐಸ್‌ಕ್ರೀಮು ಹಿಡಿದು ದಡದಲ್ಲಿ ಸಾಲಾಗಿ ಕೂರುತ್ತಿದ್ದರು. ಅಮ್ಮ ಮೊದಲ ದಿನ ನೀರಿನ ಉದ್ದಗಲ ನೋಡಿ, "ನಮ್ಮ ಕುಕ್ಕರಹಳ್ಳಿ ಕೆರೆಗಿಂತ ದೊಡ್ಡದು, ಅಷ್ಟೇ" ಎಂದು ತೀರ್ಪು ಕೊಟ್ಟಳು. ಅಲ್ಲಿಯ ಹೆಸರುವಾಸಿ ಚೆರ್ರಿ ಕೇಕನ್ನು ಕೆಮ್ಮಿನ ಔಷಧಿಯ ವಾಸನೆ ಎನ್ನುತ್ತಲೇ ಎರಡು ತುಂಡು ತಿಂದಳು. ಅದರಲ್ಲಿ ಮದ್ಯ ಬೆರೆಸುತ್ತಾರೆಂದು ನನ್ನ ಗಂಡನಿಗೆ ಗೊತ್ತಿತ್ತು. ಅವರು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ನನ್ನ ಭಯಕ್ಕೆ ಮೇವು ಹಾಕಿದವರು ನನ್ನ ಗಂಡನ ಸಹೋದ್ಯೋಗಿ, ಆ ಊರಿನವರೇ. ಒಂದು ಸಂಜೆ ದಡದಲ್ಲಿ ನಮ್ಮ ಜೊತೆ ನಡೆಯುತ್ತಾ, ನೂರು ವರ್ಷಗಳ ಹಿಂದೆ ಇಲ್ಲಿ ಒಂದು ಸಾಲು ಮನೆಗಳು ಇದ್ದಕ್ಕಿದ್ದ ಹಾಗೆ ಸರೋವರಕ್ಕೆ ಜಾರಿಹೋದವು ಎಂದರು. ದಡದ ಮಣ್ಣು ಮೆತ್ತಗಿತ್ತಂತೆ, ಜನರ ಸಮೇತ ಕುಸಿಯಿತಂತೆ. ಅವರು ಅದನ್ನು ಹವಾಮಾನದ ವಿಷಯ ಹೇಳುವ ಹಾಗೆ ಹೇಳಿದರು. ನಾನು ತಕ್ಷಣ ಮಗಳ ಕೈಹಿಡಿದು ನೀರಿನಿಂದ ದೂರ, ಗೋಡೆಯ ಕಡೆಗೆ ಸರಿದೆ. ಅಮ್ಮ ಮಾತ್ರ ನೀರಿನ ಕಡೆಗೇ ನೋಡುತ್ತಿದ್ದಳು.

"ಒಳಗೆ ಹೋದವರು ಸಿಕ್ಕಿದ್ರಂತಾ?" ಎಂದು ಕೇಳಿದಳು.

"ಬಿಡಮ್ಮ ಅದನ್ನ," ಎಂದೆ.

"ಒಳಗೆ ತಣ್ಣಗಿರತ್ತೆ, ಅಲ್ವಾ?" ಎಂದಳು. ಯಾರನ್ನು ಕೇಳಿದಳೋ ಗೊತ್ತಿಲ್ಲ. ಆ ಧ್ವನಿ ನನಗೆ ಹಿಡಿಸಲಿಲ್ಲ. ಅಪ್ಪ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಅದು ಧೈರ್ಯ ಎಂದುಕೊಂಡಿದ್ದೆ.

ಮಾರನೆಯ ದಿನ ಹಳೆಯ ಬೀದಿಯಲ್ಲಿ ನಡೆಯುವಾಗ ಒಂದು ಚರ್ಚಿನ ಬಾಗಿಲು ತೆರೆದಿತ್ತು. ಒಳಗೆ ಒಂದು ಪಕ್ಕದಲ್ಲಿ ಸಣ್ಣ ಮೇಣದ ಬತ್ತಿಗಳು ಸಾಲಾಗಿ ಉರಿಯುತ್ತಿದ್ದವು. ಮುದುಕಿಯೊಬ್ಬಳು ಬಂದು ಒಂದನ್ನು ಹಚ್ಚಿಟ್ಟು ಹೋದಳು. ಅಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. "ನೋಡೆ, ಇಲ್ಲಿ ಬೆಂಕಿ ಹಚ್ಚಿದ್ರೆ ಯಾರೂ ಕೂಗಾಡಲ್ಲ" ಎಂದಳು. ನಮ್ಮದಲ್ಲದ ಜಾಗ, ಯಾರಾದರೂ ಏನಾದರೂ ಅಂದಾರು ಎಂದು ನಾನು ಅವಳ ಸೆರಗು ಹಿಡಿದು ಎಳೆದುಕೊಂಡು ಬಂದೆ.

ಆದದ್ದು ಅದರ ಮರುದಿನ. ಮಧ್ಯಾಹ್ನ ಬಿಸಿಲು ಚುರುಕಾಗಿತ್ತು. ನನ್ನ ಗಂಡ ಆಫೀಸಿಗೆ ಹೋಗಿದ್ದರು. ಮಗಳು ಬೆಳಗಿನಿಂದ ದೋಣಿ ದೋಣಿ ಎಂದು ಜೀವ ತಿನ್ನುತ್ತಿದ್ದಳು. ದೋಣಿಯೆಂದರೆ ಎರಡು ಅಂತಸ್ತಿನ ದೊಡ್ಡ ಬಿಳಿ ಹಡಗು, ಸರೋವರದ ಸುತ್ತಲಿನ ಹಳ್ಳಿಗಳಿಗೆ ಹೋಗಿಬರುತ್ತದೆ. ನೀರೆಂದರೆ ನನಗೆ ಎದೆ ಬಡಿತ. ಆದರೂ, ಅಮ್ಮ ನೋಡಲಿ, ಮತ್ತೆ ಯಾವಾಗಲೋ ಏನೋ ಎಂದು ಒಪ್ಪಿಕೊಂಡೆ.

ಅಮ್ಮ ದಡದ ಕಲ್ಲುಮೆಟ್ಟಿಲ ಮೇಲೆ ಕೂತು, ಚಪ್ಪಲಿ ಬಿಟ್ಟು, ಕಾಲು ನೀರಿಗೆ ಇಳಿಬಿಟ್ಟಿದ್ದಳು. ಮಗಳು ಅವಳ ಪಕ್ಕ ಹಂಸಗಳಿಗೆ ಬ್ರೆಡ್ಡು ಎಸೆಯುತ್ತಿದ್ದಳು. "ಇಲ್ಲೇ ಇರಿ, ಟಿಕೆಟ್ ತರ್ತೀನಿ" ಎಂದು ಹೇಳಿ ನಾನು ಹಡಗುಕಟ್ಟೆಯ ಕಡೆ ಹೋದೆ. ಅಲ್ಲಿ ಪ್ರವಾಸಿಗಳ ದೊಡ್ಡ ಗುಂಪೊಂದು ನಿಂತಿತ್ತು, ಸಾಲು ಸರಿಯುತ್ತಲೇ ಇರಲಿಲ್ಲ. ನನಗೆ ಟಿಕೆಟ್ ಸಿಗುವುದಕ್ಕೂ ಹಡಗು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅಷ್ಟರಲ್ಲಿ ಮಗಳು ಒಬ್ಬಳೇ ಓಡಿಬಂದಳು.

"ಅಜ್ಜಿ ಎಲ್ಲೇ?" ಎಂದೆ.

"ಅಜ್ಜಿ ಈಸ್ ಕಮಿಂಗ್," ಎಂದಳು. "ಶಿ ಟೋಲ್ಡ್ ಮಿ ಟು ಟೆಲ್ ಯೂ."

ನಮ್ಮ ಮಗಳಿಗೆ ಕನ್ನಡ ಅಷ್ಟೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿಯೊಂದಿಗೆ ಆರು ತಿಂಗಳು ಹಾಗೆಯೇ ನಡೆದಿತ್ತು. ಅವಳು ಹೇಳಿದ್ದನ್ನು ಇವಳು ಇಂಗ್ಲಿಷಿಗೆ ತಿರುಗಿಸಿ ನನಗೆ ಒಪ್ಪಿಸುತ್ತಿದ್ದಳು, ಒಮ್ಮೆಯೂ ತಪ್ಪಿರಲಿಲ್ಲ. ನಾನು ಹಿಂದಿರುಗಿ ನೋಡಿದೆ. ಗುಂಪು ಅಡ್ಡವಿತ್ತು, ಟೋಪಿಗಳು, ಚೀಲಗಳು. ಹಡಗಿಗೆ ಹತ್ತಲು ಹಿಂದೊಂದು ಮುಂದೊಂದು ಹಲಗೆ ಹಾಕಿದ್ದರು. ನನ್ನ ತಲೆಯಲ್ಲಿದ್ದದ್ದು ಚಿಕ್ಕಂದಿನ ಮೈಸೂರಿನ ಸಿಟಿ ಬಸ್ಸು. ಅಮ್ಮ ಯಾವತ್ತೂ ಮುಂದಿನ ಬಾಗಿಲಿನಲ್ಲಿ ಹತ್ತುವವಳು, ಅಪ್ಪ ನನ್ನನ್ನು ಹಿಡಿದುಕೊಂಡು ಹಿಂದಿನದರಲ್ಲಿ. ಒಳಗೆ ಹೋದ ಮೇಲೆ ತಲೆ ಎತ್ತಿ ನೋಡಿದರೆ ಅಮ್ಮ ಅಲ್ಲಿ ಕೂತಿರುತ್ತಿದ್ದಳು. ಹಿಂದಿನವರು ತಳ್ಳಿದರು, ನಾವು ಹತ್ತಿದೆವು.

ಒಳಗೆ ಹೋಗಿ ತಲೆ ಎತ್ತಿ ನೋಡಿದೆ. ಅಮ್ಮ ಇರಲಿಲ್ಲ. ಕೆಳಗಿನ ಅಂತಸ್ತಿನ ಸೀಟುಗಳ ಮಧ್ಯೆ ನಡೆದೆ, ಮೇಲಿನದಕ್ಕೆ ಹತ್ತಿದೆ. ಅಷ್ಟು ಜನರ ನಡುವೆ ಒಂದು ಸೀರೆಯನ್ನು ಹುಡುಕಲು ಎಷ್ಟು ಹೊತ್ತು ಬೇಕು? ಹಡಗಿನ ಭೋಂಗಾ ಕೂಗಿತು, ಕಾಲ ಕೆಳಗಿನ ನೆಲ ನಡುಗಿತು. ನಾನು ಕಟಕಟೆ ಹಿಡಿದು ಹೊರಗೆ ಬಗ್ಗಿದೆ. ಹಡಗಿಗೂ ಕಟ್ಟೆಗೂ ನಡುವೆ ಆಗಲೇ ನೀರಿತ್ತು.

ದಡ ನಿಧಾನವಾಗಿ ಪಕ್ಕಕ್ಕೆ ಸರಿಯಿತು, ಕಲ್ಲುಮೆಟ್ಟಿಲು ಕಣ್ಣೆದುರಿಗೆ ಬಂತು. ನೀರಿಗೆ ತಾಗಿದಂತಿದ್ದ ಮೆಟ್ಟಿಲ ಮೇಲೆ ಕೆಂಪು ಪಟ್ಟಿಯ ಚಪ್ಪಲಿಗಳು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕೂತಿದ್ದವು. ಅಮ್ಮ ಇರಲಿಲ್ಲ. ಆ ಕಡೆ ಈ ಕಡೆ ಎಲ್ಲೂ ಇರಲಿಲ್ಲ. ಚಪ್ಪಲಿಯ ಮುಂದೆ ನೀರು ಮಾತ್ರ ಇತ್ತು.

ಕೂಗಿದೆ ಎಂದು ನೆನಪು. ಏನೆಂದು ಕೂಗಿದೆನೋ ತಿಳಿಯದು. ಬಿಳಿ ಅಂಗಿಯ ನಾವಿಕನೊಬ್ಬ ಓಡಿಬಂದ. ಇಷ್ಟು ವರ್ಷ ಟೆಕ್ಸಾಸಿನಲ್ಲಿ ಆಡಿದ ಇಂಗ್ಲಿಷು ಒಂದಕ್ಷರ ಬಾಯಿಗೆ ಬರಲಿಲ್ಲ. "ನಮ್ಮಮ್ಮ, ನಮ್ಮಮ್ಮ" ಎಂದು ಅವನಿಗೆ ಕನ್ನಡದಲ್ಲಿ ಹೇಳುತ್ತಾ ದಡದ ಕಡೆ ಕೈ ತೋರಿಸುತ್ತಿದ್ದೆ. ಮಗಳೇ ನಡುವೆ ನಿಂತು ಇಂಗ್ಲಿಷಿನಲ್ಲಿ ವಿವರಿಸಿದಳು. ಆತ ಗಂಭೀರವಾಗಿ ಕೇಳಿಸಿಕೊಂಡು, ಮೆಟ್ಟಿಲ ಕಡೆ ನೋಡಿ, ನನ್ನನ್ನು ಒಂದೇ ಪ್ರಶ್ನೆ ಕೇಳಿದ. ಅವರಿಗೆ ಈಜು ಬರುತ್ತದೆಯೇ?

ಅಲ್ಲೇ ಡೆಕ್ಕಿನ ಮೇಲೆ ಕೂತುಬಿಟ್ಟೆ. ಅಮ್ಮ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗ್ ಹೋದವಳೇ ಹೊರತು ಮೊಣಕಾಲಿಗಿಂತ ಮೇಲೆ ನೀರು ಕಂಡವಳಲ್ಲ. ಒಂಬತ್ತು ಗಜದ ಸೀರೆ ಬೇರೆ, ನೆನೆದರೆ ಕಲ್ಲು ಕಟ್ಟಿದ ಹಾಗೆ. ಹಡಗು ಹಿಂದಿರುಗಿಸಿ ಎಂದು ಬೇಡಿಕೊಂಡೆ. ನಾವಿಕ ವೈರ್‌ಲೆಸ್ಸಿನಲ್ಲಿ ಮಾತಾಡಿ ಬಂದ. ಕಟ್ಟೆಯವರು ಹೋಗಿ ನೋಡುತ್ತಾರೆ, ಮುಂದಿನ ಹಳ್ಳಿಯಲ್ಲಿ ಇಳಿದು ಟ್ಯಾಕ್ಸಿ ಹಿಡಿದರೆ ಬೇಗ ಹೋಗಬಹುದು ಎಂದು ಸಮಾಧಾನದಿಂದ ಹೇಳಿದ. ಆ ಸಮಾಧಾನ ಕಂಡು ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಸುತ್ತ ಜನ ಬೆಟ್ಟಗಳ ಫೋಟೋ ತೆಗೆಯುತ್ತಿದ್ದರು.

ಹಡಗಿನ ಮೇಲೆ ಮಾಡಲು ಏನೂ ಇರಲಿಲ್ಲ, ಹೆದರುವುದೊಂದನ್ನು ಬಿಟ್ಟು. ನಾನು ಇಡೀ ಜೀವಮಾನ ಹೆದರಿದ್ದೆಲ್ಲ ಆಗದೇ ಇದ್ದ ಸಂಗತಿಗಳಿಗೆ. ಲಾರಿ ಯಾವತ್ತೂ ಗುದ್ದಲಿಲ್ಲ, ಸುಂಟರಗಾಳಿ ನಮ್ಮ ಬೀದಿಗೆ ಬರಲಿಲ್ಲ, ಮನೆಗೆ ಬೆಂಕಿ ಬೀಳಲಿಲ್ಲ. ಆದದ್ದು ಇದು, ನಾನು ಟಿಕೆಟ್ಟಿನ ಸಾಲಿನಲ್ಲಿ ನಿಂತಿದ್ದಾಗ. ನೀರು ನೋಡಲಾಗದೆ ಕಣ್ಣು ಮುಚ್ಚಿದೆ. ಮುಚ್ಚಿದರೆ ಚಪ್ಪಲಿ ಕಾಣುತ್ತಿತ್ತು.

ಆಚೆ ದಡದ ಹಳ್ಳಿಯಲ್ಲಿ ಇಳಿದೆವು. ಕಟ್ಟೆಯ ಪಕ್ಕ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು ನನ್ನ ಮುಖ ನೋಡಿಯೇ ಟ್ಯಾಕ್ಸಿಗೆ ಫೋನ್ ಮಾಡಿದಳು. ಕಾರು ಸರೋವರವನ್ನು ಬಳಸಿ ಓಡತೊಡಗಿತು. ಮಗಳು ನನ್ನಿಂದ ಸರಿದು ಕಿಟಕಿಗೆ ಅಂಟಿಕೊಂಡು ಕೂತಿದ್ದಳು.

"ಅಜ್ಜಿ ಏನಂದಳು? ಸರಿಯಾಗಿ ಹೇಳು. ಏನಂದಳು?" ಎಂದು ಅವಳ ಭುಜ ಹಿಡಿದು ಅಲುಗಿಸಿದೆ.

"ಐ ಟೋಲ್ಡ್ ಯೂ! ಶಿ ಸೆಡ್ ಶಿ ಈಸ್ ಕಮಿಂಗ್!" ಎಂದು ಅತ್ತಳು.

"ಇಂಗ್ಲಿಷ್ ಬೇಡ. ಅಜ್ಜಿ ಹೇಳಿದ ಹಾಗೇ ಹೇಳು."

ಅವಳು ಬಿಕ್ಕುತ್ತಾ, ಕಣ್ಣು ಮುಚ್ಚಿಕೊಂಡು, ಅಮ್ಮನ ಮೈಸೂರಿನ ರಾಗವನ್ನೇ ಎಳೆದು ಹೇಳಿದಳು. "ನಾನಿನ್ ಬರ್ತೀನಿ ಕಣೆ. ನಿಮ್ಮಮ್ಮಂಗೆ ಹೇಳ್ಬಿಡು."

ನನ್ನ ಕೈ ಸಡಿಲವಾಯಿತು. ಅಯ್ಯೋ ದೇವರೇ, ಬರ್ತೀನಿ! ಮನೆಯಿಂದ ಹೊರಡುವವರು ಹೇಳುವ ಬರ್ತೀನಿ! ಮಗು ಸರಿಯಾಗಿಯೇ ತಿರುಗಿಸಿತ್ತು. ಕರೆದರೆ ಬರ್ತೀನಿ, ಊಟಕ್ಕೆ ಬರ್ತೀನಿ, ಇಷ್ಟೇ ಅದಕ್ಕೆ ಗೊತ್ತಿದ್ದದ್ದು. ಹೋಗುವುದಕ್ಕೂ ಬರ್ತೀನಿ ಎನ್ನುತ್ತಾರೆಂದು ಅದು ಎಲ್ಲಿ ಕೇಳಬೇಕಿತ್ತು? ರಿಚರ್ಡ್‌ಸನ್ನಿನಲ್ಲಿ ಅಮ್ಮ ಒಬ್ಬಳೇ ಮನೆಯಿಂದ ಹೊರಗೆ ಹೋದದ್ದೇ ಇಲ್ಲ, ನಾನು ಬಿಡುತ್ತಿರಲಿಲ್ಲ. ನಾವಂತೂ ಎಲ್ಲಿಂದ ಹೊರಟರೂ ಬೈ ಎಂದು ಕೈಬೀಸುವವರು.

ಒಂದು ಕ್ಷಣ ಜೀವ ಬಂದ ಹಾಗಾಯಿತು. ಹಾಗಾದರೆ ಜಾರಿ ಬಿದ್ದದ್ದಲ್ಲ, ಹೇಳಿಯೇ ಹೋಗಿದ್ದಾಳೆ. ಆ ಕ್ಷಣ ಮುಗಿಯುವುದರೊಳಗೆ ಇನ್ನೊಂದು ಯೋಚನೆ ಬಂತು. ಹೇಳಿ ಎಲ್ಲಿಗೆ ಹೋದಳು? ಬರಿಗಾಲಲ್ಲಿ, ನೀರಿನ ಅಂಚಿನಿಂದ? ಚಪ್ಪಲಿ ಜೋಡಿಸಿಟ್ಟು, ನಿಮ್ಮಮ್ಮಂಗೆ ಹೇಳ್ಬಿಡು ಎಂದು ಮಗುವಿಗೆ ಹೇಳಿ, ಒಬ್ಬ ಹೆಂಗಸು ಎಲ್ಲಿಗೆ ಹೋಗುತ್ತಾಳೆ? ಒಳಗೆ ತಣ್ಣಗಿರತ್ತೆ ಅಲ್ವಾ ಎಂದು ಕೇಳಿದ ಧ್ವನಿ ಕಿವಿಯಲ್ಲಿ ಮತ್ತೆ ಕೇಳಿಸಿತು. ಇದನ್ನು ಬರೆಯುವಾಗಲೂ ಕೇಳಿಸುತ್ತಿದೆ. ಹೆತ್ತ ತಾಯಿಯ ಬಗ್ಗೆ ಅಂಥ ಯೋಚನೆ ಬಂತಲ್ಲ ಎಂಬ ನಾಚಿಕೆಗೂ ಆಗ ಪುರುಸೊತ್ತಿರಲಿಲ್ಲ. ನೀರು ರಸ್ತೆಯ ಪಕ್ಕದಲ್ಲೇ ಬರುತ್ತಿತ್ತು, ನಾನು ಅದರ ಮೇಲೆ ಏನಾದರೂ ಬಣ್ಣ ತೇಲುತ್ತಿದೆಯೇ ಎಂದು ನೋಡುತ್ತಿದ್ದೆ.

ಟ್ಯಾಕ್ಸಿ ಪೂರ್ತಿ ನಿಲ್ಲುವ ಮುಂಚೆಯೇ ಬಾಗಿಲು ತೆಗೆದೆ. ಮೆಟ್ಟಿಲ ಹತ್ತಿರ ಹಡಗುಕಟ್ಟೆಯ ನೌಕರನೊಬ್ಬ ನಿಂತಿದ್ದ. ಅವನ ಪಕ್ಕದಲ್ಲಿ, ಚಪ್ಪಲಿ ಇದ್ದ ಮೆಟ್ಟಿಲಿನ ಮೇಲೆಯೇ, ಅಮ್ಮ ಕೂತಿದ್ದಳು. ಬರಿಗಾಲು. ಒದ್ದೆಯಾಗಿರಲಿಲ್ಲ. ನನ್ನನ್ನು ನೋಡಿದವಳೇ ಎದ್ದು ಶುರುಮಾಡಿದಳು.

"ನನ್ನ ಬಿಟ್ಟು ದೋಣಿ ಹತ್ತೋದೇನೆ? ಬುದ್ಧಿ ಇದ್ಯಾ ನಿಂಗೆ? ಮಗೂನ ಬೇರೆ ಕರ್ಕೊಂಡು!"

"ನೀನು ಬರ್ತೀನಿ ಅಂದ್ಯಂತೆ!" ಎಂದು ನಾನೂ ಕಿರುಚಿದೆ.

"ಹೂಂ, ಅಂದೆ. ಬರ್ತೀನಿ ಅಂದ್ರೆ ಹೋಗ್ತಿದೀನಿ ಅಂತ ಗೊತ್ತಾಗಲ್ವೇನೆ?"

ಕಟ್ಟೆಯ ನೌಕರ ನಮ್ಮಿಬ್ಬರನ್ನೂ ನೋಡಿ ಮೆಲ್ಲಗೆ ಜಾರಿಕೊಂಡ. ನಾನು ಅಮ್ಮನನ್ನು ತಬ್ಬಿಕೊಂಡು ಅಲ್ಲೇ ಬೀದಿಯಲ್ಲಿ ಗೋಳೋ ಎಂದು ಅತ್ತೆ. ಆಗಲೇ ನನಗೆ ತಿಳಿದದ್ದು, ಅವಳ ಮೈ ನನಗಿಂತ ಜೋರಾಗಿ ನಡುಗುತ್ತಿತ್ತು. ನನ್ನ ರವಿಕೆಯನ್ನು ಹಿಡಿದ ಕೈ ಬಿಡಿಸಲು ಆಗದಷ್ಟು ಬಿಗಿಯಾಗಿತ್ತು. ಸೈರನ್ ಊದುವಾಗಲೂ ಹುರುಳಿಕಾಯಿ ನಾರು ತೆಗೆಯುತ್ತಿದ್ದ ಕೈ ಅದು.

ಅವಳು ಹೋಗಿದ್ದು ಚರ್ಚಿಗೆ. ಟಿಕೆಟ್ಟಿಗೆ ಅಷ್ಟುದ್ದ ಸಾಲಿದೆಯಲ್ಲ, ಅಷ್ಟರಲ್ಲಿ ಒಂದು ದೀಪ ಹಚ್ಚಿ ಬಂದುಬಿಡೋಣ ಎಂದು ಹೊರಟಳಂತೆ. ಚಪ್ಪಲಿ ಯಾಕೆ ಬಿಟ್ಟು ಹೋದೆ ಎಂದು ಕೇಳಿದ್ದಕ್ಕೆ ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ದೇವರ ಹತ್ರ ಯಾರಾದ್ರೂ ಚಪ್ಪಲಿ ಹಾಕ್ಕೊಂಡು ಹೋಗ್ತಾರೇನೆ? ಅಲ್ಲಿ ಬಾಗಿಲಲ್ಲಿ ಒಬ್ಬರದೂ ಇರ್ಲಿಲ್ಲ ನಿನ್ನೆ, ನೋಡಿದ್ದೆ. ಬಿಟ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅಂತ ಇಲ್ಲೇ ಬಿಟ್ಟೆ. ಹೊಸಾದು."

ಹುಂಡಿಗೆ ಹಾಕಲು ಸೊಂಟದ ಗಂಟಿನಲ್ಲಿದ್ದ ನಮ್ಮ ಒಂದು ರೂಪಾಯಿಯ ನಾಣ್ಯವನ್ನೇ ಹಾಕಿದ್ದಳು. ಅವಳು ತಿರುಗಿ ಬಂದಾಗ ಮೆಟ್ಟಿಲ ಹತ್ತಿರ ಮಗು ಇರಲಿಲ್ಲ, ಕಟ್ಟೆಯಲ್ಲಿ ನಾನಿರಲಿಲ್ಲ. ಹಡಗು ನೀರಿನ ನಡುವೆ ಚಿಕ್ಕದಾಗಿ ಕಾಣುತ್ತಿತ್ತು. ಮನೆಗಳನ್ನೇ ನುಂಗಿದ ನೀರು ಅದು ಎಂಬುದು ಅವಳಿಗೂ ನೆನಪಿತ್ತು. ನಾವು ಅದರಲ್ಲಿದ್ದೇವೋ, ಅಥವಾ ಮಗು ಹಂಸದ ಹಿಂದೆ ಹೋಗಿ ನೀರಿಗೆ ಬಿದ್ದು ನಾನು ಅದರ ಹಿಂದೆ ಹಾರಿದೆನೋ, ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಬಿಟ್ಟ ಜಾಗದಲ್ಲೇ ಇದ್ದರೆ ಹುಡುಕಿಕೊಂಡು ಬರುತ್ತಾರೆ ಎಂದು ಆ ಕಲ್ಲಿನ ಮೇಲೆ ಕೂತವಳು, ಕಟ್ಟೆಯವನು ಬಂದು ಮಾತಾಡಿಸಿದರೂ ಎದ್ದಿರಲಿಲ್ಲವಂತೆ. ಚಪ್ಪಲಿ ಹಾಕಿಕೊಳ್ಳುವುದೂ ಅವಳಿಗೆ ತೋಚಿರಲಿಲ್ಲ.

ಹೋಟೆಲಿನ ಕೋಣೆಗೆ ಬಂದ ಮೇಲೂ ಹೊರಗೆ ಬೇಸಿಗೆಯ ಬೆಳಕು ಹಾಗೆಯೇ ಇತ್ತು. ಮಗಳು ಅತ್ತು ಸುಸ್ತಾಗಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನನ್ನ ಗಂಡ ಇನ್ನೂ ಬಂದಿರಲಿಲ್ಲ. ಅಮ್ಮ ಮಂಚದ ತುದಿಯಲ್ಲಿ ಕೂತು, ಕಾಲಿನ ಹೆಬ್ಬೆರಳಿಗೆ ತಾಗಿದ್ದ ಕಲ್ಲಿನ ಗಾಯವನ್ನು ಸವರಿಕೊಳ್ಳುತ್ತ, "ಇವತ್ತು ನಮ್ಮ ಮದುವೆ ಆದ ದಿನ ಕಣೆ" ಎಂದಳು. "ಬತ್ತಿ ಹಚ್ಚಿದ್ಮೇಲೆ ಸ್ವಲ್ಪ ಮಾತಾಡಿದೆ ಅವರ ಹತ್ರ. ಅದಕ್ಕೇ ತಡ ಆಯ್ತು."

ನಾನು ತಡೆಯಲಾಗದೆ ಹೇಳಿಬಿಟ್ಟೆ.

"ಅಮ್ಮ, ನಾನು ಟ್ಯಾಕ್ಸಿಯಲ್ಲಿ ಏನೇನೋ ಅಂದ್ಕೊಂಡೆ. ನೀನೇ ಬೇಕೂಂತ..."

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಅನ್ಸಿಲ್ಲ ಅಂತ ಸುಳ್ಳು ಹೇಳಲ್ಲ," ಎಂದಳು. "ಒಂದೊಂದ್ ದಿನ ಅನ್ಸತ್ತೆ. ಅನ್ಸತ್ತೆ, ಹೋಗತ್ತೆ. ಆದ್ರೆ ಹೋಗೋ ಹಾಗಿದ್ರೆ ಬರ್ತೀನಿ ಅಂತ ಯಾಕೆ ಹೇಳ್ತಿದ್ದೆ?"

ನಾನು ಹೆದರಿ ಅವಳ ಕೈ ಹಿಡಿದುಕೊಂಡೆ. ಆ ರಾತ್ರಿ ಗಂಡನಿಗೆ ಎಲ್ಲವನ್ನೂ ಹೇಳಿದೆ. ಮೈಸೂರಿಗೆ ಫೋನ್ ಮಾಡಿ ಅಣ್ಣನಿಗೂ ಹೇಳಿದೆ, ಅವಳನ್ನು ಒಬ್ಬಳೇ ಬಿಡಬೇಡ ಎಂದೆ. ಅಷ್ಟರ ಮಟ್ಟಿಗೆ ನನ್ನ ಪುಕ್ಕಲುತನ ಉಪಯೋಗಕ್ಕೆ ಬಂತು.

ಜ್ಯೂರಿಕ್ ವಿಮಾನ ನಿಲ್ದಾಣದಲ್ಲಿ ಅಮ್ಮನನ್ನು ಬೀಳ್ಕೊಟ್ಟೆವು. ಅವಳು ಮಗಳ ಗಲ್ಲ ಹಿಡಿದು, "ಬರ್ತೀನಿ ಪುಟ್ಟಾ" ಎಂದಳು. ಮಗಳು ಅಜ್ಜಿಯ ಸೆರಗು ಬಿಡದೆ, ಕಮಿಂಗಾ ಗೋಯಿಂಗಾ ಎಂದು ಕೇಳಿದಳು.

"ಹೋಗ್ತೀನಿ ಅಂತ ಹೇಳ್ಬಾರದು, ಕಂದಾ."

"ಬಟ್ ಯೂ ಆರ್ ಗೋಯಿಂಗ್!"

ಯಾರಾದರೂ ಬರ್ತೀನಿ ಅಂದರೆ ಹೂಂ ಬನ್ನಿ ಅನ್ನಬೇಕು ಎಂದು ಅಮ್ಮ ಅವಳಿಗೆ ಹೇಳಿಕೊಟ್ಟಳು. ಕೆಂಪು ಪಟ್ಟಿಯ ಚಪ್ಪಲಿ ಗಾಜಿನ ಬಾಗಿಲಿನ ಆಚೆ ಮರೆಯಾಗುವ ತನಕ ನಾನು ಅದನ್ನೇ ನೋಡುತ್ತಿದ್ದೆ. ಡಾಲಸ್ಸಿಗೆ ಮರಳಿದ ಮೇಲೆ ಮೊದಲು ಮಾಡಿದ ಕೆಲಸ, ಬ್ಯಾಟರಿ ದೀಪವನ್ನು ಕಸಕ್ಕೆ ಹಾಕಿ ಬಾಲ್ಕನಿಯ ಬಾಗಿಲ ಬಳಿ ಎಣ್ಣೆಯ ದೀಪಕ್ಕೊಂದು ಜಾಗ ಮಾಡಿದ್ದು. ಅದರ ಪಕ್ಕದಲ್ಲೇ ಒಂದು ಬಕೆಟ್ ನೀರೂ ಇರುತ್ತಿತ್ತು.

ಅಮ್ಮ ಹೇಳಿದ ಹಾಗೆ ಮತ್ತೆ ಬಂದಳು, ಎರಡು ಸಲ. ಆಮೇಲೆ ಮಂಡಿನೋವು ಬಿಡಲಿಲ್ಲ. ಈಗ ವರ್ಷಕ್ಕೊಮ್ಮೆ ನಾನೇ ಹೋಗುತ್ತೇನೆ.

ಹತ್ತು ವರ್ಷದ ಮೇಲೆ ಮಗಳು ಕಾಲೇಜಿಗೆಂದು ಆಸ್ಟಿನ್ನಿಗೆ ಹೊರಟಳು. ಹಳೆಯ ಕಾರಿನಲ್ಲಿ ಒಬ್ಬಳೇ, ಉದ್ದಕ್ಕೂ ಲಾರಿಗಳೇ ತುಂಬಿದ ಹೈವೇಯಲ್ಲಿ. ಹಿಂದಿನ ರಾತ್ರಿ ನನಗೆ ನಿದ್ದೆಯಿಲ್ಲ. ಟೈರು ಒದ್ದು ನೋಡಿದೆ, ನೀರಿನ ಬಾಟಲಿ ಇಟ್ಟೆ, ಟಾರ್ಚು ಇಟ್ಟೆ. ಅವಳು ಬೈ ಅಮ್ಮ ಎಂದು ಕಾರು ಸ್ಟಾರ್ಟ್ ಮಾಡಿದವಳು, ನನ್ನ ಮುಖ ನೋಡಿ, ಕಿಟಕಿಯ ಗಾಜು ಇಳಿಸಿದಳು.

"ಬರ್ತೀನಿ, ಅಮ್ಮ."

ಹೂಂ ಬಾ ಎನ್ನಬೇಕಿತ್ತು. "ಕಮಿಂಗಾ, ಗೋಯಿಂಗಾ?" ಎಂದು ಕೇಳಿಬಿಟ್ಟೆ.

ಅವಳು ನಗಲಿಲ್ಲ. ಅಮೆರಿಕದ ನಾಲಗೆಯಲ್ಲಿ ಕನ್ನಡ ತಡವರಿಸಿದರೂ ರಾಗ ಮಾತ್ರ ಅಮ್ಮನದೇ.

"ಹೋಗೋ ಹಾಗಿದ್ರೆ ಬರ್ತೀನಿ ಅಂತ ಯಾಕೆ ಹೇಳ್ತಿದ್ದೆ?"

ಹಾಗಾದರೆ ತ್ಸೂಗಿನ ಹೋಟೆಲಿನಲ್ಲಿ ಆ ಸಂಜೆ ಗೋಡೆಯ ಕಡೆ ತಿರುಗಿ ಮಲಗಿದ್ದ ಮಗು ನಿದ್ದೆ ಮಾಡಿರಲಿಲ್ಲ.